ಶಿವರಾಜ ಬರೆದಿಟ್ಟ ಸಾಲು

ತಂಗಿಯ ಮಗ ಶಿವರಾಜ ತೀರಿಕೊಂಡನೆಂದು ರಾಯಚೂರಿನಿಂದ ಫೋನು ಬಂದ ದಿನ, ವಿರೂಪಣ್ಣನವರ ಮಾನ್ವಿಯ ಮಿಲ್ಲಿನಲ್ಲಿ ಹಸಿ ಭತ್ತ ಮೊಳಕೆಯೊಡೆಯುವಂತಿತ್ತು. ಅವನ ಮಣ್ಣಿಗೆ ಹೊರಡುವ ಮೊದಲು ಅವರು ಕಣ್ಣೊರೆಸಿಕೊಂಡು, ಕಂಪ್ಯೂಟರಿನ ಮುಂದಿದ್ದ ಕಾವ್ಯಾಳಿಗೆ, "ಡ್ರೈಯರ್ ಚಾಲೂ ಮಾಡಂತ ಎಐಗೆ ಹೇಳವ್ವಾ" ಎಂದರು.

ಆ ಎಐಗಾಗಿ ಪ್ರತಿ ಯಂತ್ರದ ವಿವರವನ್ನೂ ಬರೆದಿಟ್ಟವನು ಶಿವರಾಜನೇ. "ಯಂತ್ರಕ್ಕ ಇಷ್ಟುದ್ದ ಪತ್ರ ಬರೀತಾರೇನಲೇ?" ಎಂದು ವಿರೂಪಣ್ಣ ನಕ್ಕಿದ್ದರು.

ಡ್ರೈಯರ್ ಚಾಲೂ ಆಗಲಿಲ್ಲ. ಕಾವ್ಯಾ ಪರದೆಯನ್ನು ಓದಿದಳು: "ಡ್ರೈಯರ್‌ಗೆ ಭತ್ತ ಎತ್ತುವ ಯಂತ್ರದ ಕೆಳಗಿನ ಗುಂಡಿಯಲ್ಲಿ ಯಾರೂ ಇಲ್ಲವೆಂದು ಮೊದಲು ಕೇಳಿ ತಿಳಿಯಬೇಕು, ಅಲ್ಲಿದ್ದವರಿಗೆ ಚಾಲೂ ಆಗುವ ಮುನ್ನ ಬಾರಿಸುವ ಗಂಟೆ ಕೇಳಿಸದು ಎಂದು ಶಿವರಾಜ ಬರೆದಿದ್ದಾರೆ. ಯಾರಾದರೂ ಇದ್ದಾರೆಯೇ?"

ವಿರೂಪಣ್ಣ ಹೋಗಿ ಬಗ್ಗಿ ಕೂಗಿದರು. ಹೊಟ್ಟು ಮೆತ್ತಿದ ತಲೆಯೊಂದು ಮೇಲೆದ್ದಿತು. ಹಮಾಲ ಗದ್ದೆಪ್ಪ. "ಇನ್ನೊಂದೀಟು ಕಸ ಅದರೀ ಯಪ್ಪಾ, ಬಳದು ಬರ್ತೀನಿ."

"ಮೊದ್ಲು ಮ್ಯಾಲ ಬಾರೋ!" ವಿರೂಪಣ್ಣ ಅವನನ್ನು ಮೇಲಕ್ಕೆ ಎಳೆದುಕೊಂಡು, ಹಿಡಿದ ಕೈ ಬಿಡದೆಯೇ ಕಣ್ಣು ಮುಚ್ಚಿದರು. "ಮಹಾದೇವಾ, ನಮ್ಮ ಶಿವರಾಜನ್ನ ನಿನ್ನ ಪಾದದಾಗ ತಣ್ಣಗ ಇಟ್ಕೊ."