ಹಿಂದೂಪುರ ರಸ್ತೆಯ ಅಡಿಯ ಮಣ್ಣು

ಬಿಸಿ ಡಾಂಬರಿನ ವಾಸನೆ ಬಂದರೆ ಈಗಲೂ ನನಗೆ ಪುಟ್ಟೇನಹಳ್ಳಿ ಕೆರೆಯ ಪಕ್ಕದ ಆ ಮಧ್ಯಾಹ್ನ ನೆನಪಾಗುತ್ತದೆ.

ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರಕ್ಕೆ ಹೋಗುವ ರಾಜ್ಯ ಹೆದ್ದಾರಿಯನ್ನು ಆಗ ಅಗಲ ಮಾಡುತ್ತಿದ್ದರು. ಒಂದು ಬದಿಯಲ್ಲಿ ಬಸ್ಸು, ಲಾರಿ ಓಡುತ್ತಿದ್ದವು. ಇನ್ನೊಂದು ಬದಿಯನ್ನು ಕೆರೆ ಪಕ್ಕದ ನಮ್ಮ ಮನೆಯ ಮುಂದೆಯೇ ಮೋರಿಗೆಂದು ಆಳುದ್ದ ಅಗೆದಿದ್ದರು. ಅಜ್ಜಿ ನನ್ನ ಕೈಹಿಡಿದು ಅಂಚಿನಲ್ಲಿ ನಿಂತಳು. ಅಗೆದ ಗೋಡೆಯಲ್ಲಿ ರಸ್ತೆ ಪದರ ಪದರವಾಗಿ ಕಾಣುತ್ತಿತ್ತು. ಮೇಲೆ ಡಾಂಬರು, ಅದರಡಿ ಜಲ್ಲಿ, ಆಮೇಲೆ ದಪ್ಪ ಕಲ್ಲು, ಎಲ್ಲಕ್ಕೂ ಕೆಳಗೆ ಕೆಂಪು ಮಣ್ಣು.

"ಆ ಕೆಂಪ್ ಮಣ್ಣೇ ನಮ್ ಕಾಲದ್ ರೋಡು ಕಣೆ," ಎಂದಳು ಅಜ್ಜಿ. "ಮದ್ವೆ ಆಗಿ ಬಳ್ಳಾಪುರದಿಂದ ಎತ್ತಿನ ಗಾಡೀಲಿ ಅದ್ರ ಮೇಲೇ ಬಂದೆ. ದಾರಿ ಉದ್ದಕ್ಕೂ ಅಳ್ತಾನೇ ಇದ್ದೆ."

ಅಜ್ಜಿ ಅತ್ತಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಇಳೀಬೋದೇನಪ್ಪಾ?" ಎಂದು ಅವಳು ಅಲ್ಲಿದ್ದ ರಸ್ತೆ ಕೆಲಸದವನನ್ನು ಕೇಳಿದಳು.

"ಸಂಜೆಗೆ ಮುಚ್ಬಿಡ್ತೀವಿ ಅಜ್ಜಿ. ಬೇಗ ನೋಡ್ಕೊಂಡ್ ಬನ್ನಿ," ಎಂದು ಅವನು ಏಣಿ ಹಿಡಿದ.

ಅಜ್ಜಿ ಚಪ್ಪಲಿ ಬಿಟ್ಟು ಇಳಿದಳು. ಬಗ್ಗಿ ತಳದ ಕೆಂಪು ಮಣ್ಣನ್ನು ಅಂಗೈಯಿಂದ ಸವರಿದಳು. ಆಮೇಲೆ ಎದ್ದು ಬಡಗಣ ದಿಕ್ಕಿಗೆ, ಬಳ್ಳಾಪುರದ ಕಡೆಗೆ ತಿರುಗಿ ಮೆಲ್ಲಗೆ ಹೇಳಿದಳು, "ಇಂಗೇ ನಡೀತಾ ಇದ್ರೆ ನಮ್ಮವ್ವನ ಮನೆ ಬಾಗ್ಲು."

ನಾನೂ ಚಪ್ಪಲಿ ಬಿಟ್ಟು ಇಳಿದು ಅವಳ ಪಕ್ಕ ನಿಂತೆ. ಮಣ್ಣು ತಣ್ಣಗಿತ್ತು. ಅಷ್ಟರಲ್ಲಿ ನಮ್ಮ ತಲೆಗಿಂತ ಎತ್ತರದಲ್ಲಿ ಹಿಂದೂಪುರದ ಬಸ್ಸು ಹಾದುಹೋಯಿತು. ಇಬ್ಬರ ಬರಿಗಾಲಡಿಯಲ್ಲೂ ಆ ಹಳೆಯ ದಾರಿ ಸಣ್ಣಗೆ ನಡುಗಿತು.