ಗುಡ್ಡಕ್ಕೆ ಕೊಟ್ಟ ನೆನಪು

ನೆಟ್ಟವರು ತಮ್ಮದೊಂದು ನೆನಪು ಕೊಟ್ಟರಷ್ಟೇ ಸಸಿ ಬೇರು ಬಿಡುತ್ತಿತ್ತು; ಕೊಟ್ಟವರಿಗೆ ಅದು ಮರೆತುಹೋಗುತ್ತಿತ್ತು. ಗಣಿ ಅಗೆದ ಗುಡ್ಡದಲ್ಲಿ ಮಳೆಗಾಲಕ್ಕೆಂದು ಸಸಿ ನೆಡುವ ತಂಡಕ್ಕೆ ಹೊಸದಾಗಿ ಸೇರಿದ್ದ ಮಾಬುನ್ನಿಯ ಕೆಲಸ ಊಟ ಬಡಿಸುವುದು ಮತ್ತು ಮರೆತದ್ದನ್ನು, ಅವರೇ ನೆಡುವ ಮೊದಲು ಬರೆಸಿಟ್ಟ ಚೀಟಿ ನೋಡಿ ಹೇಳುವುದು.

ಮಧ್ಯಾಹ್ನ ಹುಲಿಗೆಮ್ಮ ಸಸಿ ನೆಟ್ಟು ನಗುತ್ತಾ ಗುಡ್ಡ ಇಳಿದು ಬಂದಳು. ಬಡಿಸಿದ ರೊಟ್ಟಿಯಲ್ಲಿ ಒಂದನ್ನು ಸೆರಗಿಗೆ ಕಟ್ಟಿಕೊಂಡಳು.

"ಅದು ಯಾರಿಗಕ್ಕ?"

"ನನ್ನ ಮಗಳಿಗೆ. ಸಾಲಿ ಬಿಡೋ ಹೊತ್ತಾತು."

ಮಾಬುನ್ನಿ ಚೀಟಿ ತೆಗೆದಳು. ಬೆಳಿಗ್ಗೆ ಹುಲಿಗೆಮ್ಮನೇ ಬರೆಸಿದ್ದಳು: ಮಗಳು ಕನಕವ್ವ ಹೋದ ವರ್ಷ ಜ್ವರದಿಂದ ತೀರಿಕೊಂಡಳು.

"ಏನೈತಿ ಅದ್ರಾಗ?"

"ಮೊದ್ಲು ಉಣ್ಣಕ್ಕ," ಎಂದು ಮಾಬುನ್ನಿ ಪಕ್ಕದಲ್ಲಿ ಕುಳಿತಳು. ಉಂಡಾದ ಮೇಲೆ ಅವಳ ಕೈ ಹಿಡಿದು ಚೀಟಿ ಓದಿದಳು.

ಹುಲಿಗೆಮ್ಮ ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಚೀಟಿ ಹಂಗ ಇಟ್ಕೊ," ಎಂದು ಇನ್ನೊಂದು ಸಸಿ ಎತ್ತಿಕೊಂಡು ಗುಡ್ಡ ಹತ್ತಿದಳು. ಮಾಬುನ್ನಿ ತಡೆಯಲಿಲ್ಲ.