ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ

ತಿಮ್ಮವ್ವನ ಚಟ್ಟ ಹೊತ್ತವರು ತಂತಿಬೇಲಿಯ ಮುಂದೆ ನಿಂತುಬಿಟ್ಟರು. ಬೇಲಿಗೆ ಬೆನ್ನು ಕೊಟ್ಟು ಹಣಮಂತ್ರಾಯಗೌಡ ನಿಂತಿದ್ದ. ಅವನ ಹಿಂದೆ ಸ್ಮಶಾನ. ಆದರೆ ಹಾಗಂತ ಹೇಳಲು ಅಲ್ಲಿ ಏನೂ ಉಳಿದಿರಲಿಲ್ಲ. ಬೇಸಿಗೆಯಲ್ಲಿ ಗೌಡ ಟ್ರ್ಯಾಕ್ಟರ್ ಬಿಟ್ಟು ಗೋರಿಗಳನ್ನೆಲ್ಲ ನೆಲಸಮ ಮಾಡಿಸಿ ನೇಗಿಲು ಹೊಡೆಸಿದ್ದ. ಹೊತ್ತವರು ಹೆಗಲು ಬದಲಿಸಿದರು.

"ಇದು ನಮ್ಮ ಹೊಲ. ನಿಮ್ಮ ಹೆಣ ಎಲ್ಲಿ ಬೇಕಾದ್ರ ಒಯ್ರಿ, ಇಲ್ಲಿ ಬ್ಯಾಡ," ಅಂದ ಗೌಡ.

ತಿಮ್ಮವ್ವನ ಮಗಳು ಯಶೋಧರಾ ಹುಣಸಗಿಯಲ್ಲಿ ಟೀಚರು. ಅವಳು ಫೋನ್ ಮಾಡಿದ್ದಕ್ಕೆ ಸುರಪುರದಿಂದ ಕಂದಾಯ ನಿರೀಕ್ಷಕರು ಜೀಪಿನಲ್ಲಿ ಬಂದಿದ್ದರು. ಅವರಿಗೂ ಇದು ಬೇಗ ಮುಗಿದರೆ ಸಾಕಾಗಿತ್ತು.

"ಬಾಯಿಮಾತು ನಡಿಯಂಗಿಲ್ಲ ಟೀಚರ್. ಮೊದಲಿಂದ ಇಲ್ಲೇ ಹೂಳ್ತಿದ್ರಿ ಅಂಬೋದಕ್ಕ ಏನರ ಅದನ?"

"ಅದರಿ ಸಾಹೇಬ್ರ." ಯಶೋಧರಾ ಕಂಕುಳಲ್ಲಿದ್ದ ಸುರುಳಿಯನ್ನು ಜೀಪಿನ ಬಾನೆಟ್ ಮೇಲೆ ಬಿಚ್ಚಿದಳು. "ನಮ್ಮವ್ವ ಹುಟ್ಟಿದ ಕಾಲಕ್ಕ ವಿಮಾನದಾಗಿಂದ ತೆಗೆದ ಪಟ. ಹೊರದೇಶದ ಗ್ರಂಥಾಲಯದವ್ರು ಇಂಟರ್ನೆಟ್ಟಿನ್ಯಾಗ ಹಾಕ್ಯಾರ."

ಬಿಚ್ಚಿದವಳೇ ಪಟದ ಮೇಲೆ ಬಗ್ಗಿದಳು. ಅವಳ ಮೊಬೈಲಿನಲ್ಲಿ ಇದ್ದದ್ದು ಚಿಕ್ಕ ಪಟ, ಹಿಗ್ಗಿಸಿದರೆ ಒಡೆಯುತ್ತಿತ್ತು. ಅದಕ್ಕೇ ಬೆಳಿಗ್ಗೆ ರಂಗಂಪೇಟೆಯ ಚಾಂದಪಾಶಾನ ಸ್ಟುಡಿಯೊದಲ್ಲಿ ದೊಡ್ಡದು ಮಾಡಿಸಿ ಸುತ್ತಿಕೊಂಡೇ ಓಡಿ ಬಂದಿದ್ದಳು. ಈಗ ನೋಡಿದರೆ, ಸ್ಮಶಾನ ಇರಬೇಕಾದ ಜಾಗದ ಮೇಲೆಯೇ ಓರೆಯಾಗಿ ದಪ್ಪ ಅಕ್ಷರ: ಚಾಂದ್ ಫೋಟೋ ಸ್ಟುಡಿಯೊ, ರಂಗಂಪೇಟೆ. ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ಕೆಳಗೆ ಈ ವರ್ಷದ ಇಸವಿ.

ಗೌಡ ಬಗ್ಗಿ ಓದಿದ. ಹೊಟ್ಟೆ ಕುಲುಕಿಸಿ ನಕ್ಕ. "ಏ ಸಾಹೇಬ್ರ, ಇವತ್ತ ಮುಂಜಾನಿ ಹುಟ್ಟಿದ ಪಟ ಐತ್ರಿ ಇದು! ಚಾಂದಪಾಶಾ ಯಾವಾಗ ವಿಮಾನ ಹತ್ತಿದ್ನೋ!"

"ಇದನ್ನ ನಾ ಹ್ಯಾಂಗ ನಂಬಲಿ?" ನಿರೀಕ್ಷಕರು ಸುರುಳಿಯನ್ನು ಮಡಿಸತೊಡಗಿದರು. "ಹಕ್ಕು ಅವಂದು ಅಂತ ಬರದದ. ಇಸವಿನೂ ಈಗಿಂದ."

ಯಶೋಧರಾ ಫೋನ್ ಹಚ್ಚಿದಳು. ಚಾಂದಪಾಶಾ ಬರುವತನಕ ಎಲ್ಲರೂ ಅಲ್ಲೇ ಕಾದರು. ಬಿಸಿಲು ಏರಿತು. ಚಟ್ಟ ಹೊತ್ತವರು ಮತ್ತೆ ಹೆಗಲು ಬದಲಿಸಿದರು. ಇಳಿಸು ಅಂತ ಹೇಳಲು ಯಾರಿಗೂ ಮನಸ್ಸಾಗಲಿಲ್ಲ. ಇಳಿಸಿದರೆ ಸೋತಂತೆ.

ಚಾಂದಪಾಶಾ ಬೈಕನ್ನು ಸರಿಯಾಗಿ ನಿಲ್ಲಿಸದೆ ಲ್ಯಾಪ್‌ಟಾಪ್ ಅವಚಿಕೊಂಡು ಓಡಿ ಬಂದ. "ಮಾಫ್ ಮಾಡ್ರಿ ಅಕ್ಕಾರ. ಸುರಪುರದಾಗ ಒಬ್ಬಾಂವ ನಾ ತೆಗೆದ ಮದುವಿ ಫೋಟೋ ತನ್ನ ಬ್ಯಾನರಿಗೆ ಹಾಕ್ಕೊಂಡಿದ್ದ. ಅವತ್ತಿಂದ ನನ್ನ ಕಂಪ್ಯೂಟರ್‌ದಾಗಿಂದ ಏನು ಹೊರಗ ಬಂದ್ರೂ ಈ ಮುದ್ರಿ ತಾನ ಬೀಳಂಗ ಮಾಡೀನಿ. ಕತ್ತರಿಸಬಾರದಂತ ನಟ್ಟನಡುವ. ನೀವು ಗಡಬಡಿ ಮಾಡಿದ್ರಿ, ತೆಗಿಯೋದ ಮರತೆ."

"ಹಂಗಾದ್ರ ಹಕ್ಕು ಯಾರ್ದೋ ಮಾರಾಯ?" ನಿರೀಕ್ಷಕರ ದನಿ ಏರಿತು.

"ಒಬ್ಬರದಂತ ಇಲ್ರಿ ಸಾಹೇಬ್ರ. ಹಕ್ಕಿನ ಅವಧಿ ಎಂದೋ ಮುಗದದ. ಯಾರು ಬೇಕಾದ್ರೂ ಬಳಸ್ರಿ ಅಂತ ಪಟದ ಬುಡಕ್ಕ ಆ ಗ್ರಂಥಾಲಯದವ್ರ ಬರದಾರ."

"ಎಲ್ಲಾರದ್ದರ ಮ್ಯಾಲ ನಿನ್ನ ಹೆಸರ ಬರಕೊಂಡಿ?" ಗೌಡ ಕೇಳಿದ. "ಛಲೋ ಧಂದೆ ಹಿಡದೀಯಪಾ!"

ಚಾಂದಪಾಶಾನ ಮುಖ ಕೆಂಪಾಯಿತು. "ಬರಕೊಂಡೀನ್ರಿ ಗೌಡ್ರ. ತಪ್ಪಾಗ್ಯಾದ. ಅಳಸಾಕ ಬಂದೀನಿ."

ಗೌಡನ ನಗು ಅಲ್ಲಿಗೆ ನಿಂತಿತು.

ಚಾಂದಪಾಶಾ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದು ಮುದ್ರೆ ಅಳಿಸಿದ. ಬಿಸಿಲಿಗೆ ಪರದೆ ಕಾಣದೆ ಯಶೋಧರಾ ತನ್ನ ಸೆರಗನ್ನೇ ಚಪ್ಪರದಂತೆ ಹಿಡಿದಳು. ಹಳ್ಳ, ಹಳ್ಳದ ತಿರುವು, ಕಾಲುದಾರಿ. ದಾರಿ ಮುಗಿಯುವಲ್ಲಿ ಸಾಲಾಗಿ ಬಿಳಿ ಚುಕ್ಕೆಗಳು.

"ಎಳ್ಳ ಅಮಾಸಿ ಬಂತಂದ್ರ ನಮ್ಮ ಮಂದಿ ಗೋರಿಗೆ ಸುಣ್ಣ ಹಚ್ತಾರ್ರಿ," ಅಂದಳು. "ಇವು ಅವೇ."

"ಸುಣ್ಣಂತ ಸುಣ್ಣ! ಹತ್ತಿ ರಾಶಿ ಇರಬೇಕು," ಅಂದ ಗೌಡ. "ಸರೀರಿ, ನಾನೂ ನೋಡ್ತೀನಿ. ಎಲ್ಲಾ ಕಂಪ್ಯೂಟರ್‌ದಾಗ ಬರದ ಆಟ ಇದು…"

ಅವನು ಸೆರಗಿನ ನೆರಳಿಗೆ ತಲೆ ತೂರಿಸಿದ. ಬಿಳಿ ಚುಕ್ಕೆಗಳನ್ನು ತೋರಿಸಲು ಚಾಚಿದ ಬೆರಳು ನಡುವೆಯೇ ನಿಂತಿತು. ಚುಕ್ಕೆಗಳ ಮಗ್ಗುಲಲ್ಲಿ ಒಂದು ಕರಿ ಚೌಕವಿತ್ತು. ಅದರಿಂದ ಹೊರಟ ಗೀರು, ನೀರೆಳೆಯುವ ಎತ್ತುಗಳು ಹಿಂದೆ ಮುಂದೆ ನಡೆದು ಬಿದ್ದ ದಾರಿ.

"ಬಾವಿ," ಅಂದ ಗೌಡ. ದನಿ ಬೇರೆಯಾಗಿತ್ತು. "ನಮ್ಮ ಬಾವಿ. ನಮ್ಮ ಹಿರಿ ಅಕ್ಕ ದುರ್ಗಕ್ಕ ಬಿದ್ದು ಸತ್ತ ಬಾವಿ. ನಾ ಹುಟ್ಟೂದಕ್ಕಿಂತ ಮೊದಲ ನಮ್ಮಪ್ಪ ಮುಚ್ಚಿಸಿ, ಗುರ್ತ ಸಿಗದಂಗ ನೇಗಿಲು ಹೊಡಿಸಿದ್ದ. ಎಲ್ಲಿತ್ತು ಅಂತ ಸಾಯೂತನಕ ಯಾರಿಗೂ ತೋರಿಸಲಿಲ್ಲ. ಅವ್ವ ಪ್ರತಿ ವರ್ಷ ಆಕಿ ಹೆಸರಿನ ದೀಪ ಹಿಡ್ಕೊಂಡು ಹೊಲ ತುಂಬ ಹುಡುಕತಿದ್ಳು…"

ನಿರೀಕ್ಷಕರು ಗೌಡನ ಮುಖ ನೋಡಿದರು, ಪರದೆ ನೋಡಿದರು.

"ಅಂದ್ರ ಪಟ ಖರೇನ ಅಂದಂಗಾತು," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಗೌಡನ ಆಳುಗಳತ್ತ ತಿರುಗಿದರು. "ತಂತಿ ಬಿಚ್ಚರಿ. ಮುಂದಿಂದು ತಹಸೀಲ್ದಾರ ಸಾಹೇಬ್ರು ನೋಡ್ತಾರ."

ಆಳುಗಳು ಗೌಡನ ಕಡೆ ನೋಡಿದರು. ಅವನಿಗೆ ಏನೂ ಕೇಳಿಸಿದಂತಿರಲಿಲ್ಲ. ತಂತಿ ಬಿಚ್ಚುವ ಸದ್ದಾಯಿತು, ಚಟ್ಟ ಒಳಗೆ ಹೋಯಿತು. ಅವನು ಮಾತ್ರ ಆ ಕರಿ ಚೌಕದ ಅಂಚನ್ನು ದಪ್ಪ ಬೆರಳಿನಿಂದ ಸವರುತ್ತಲೇ ಇದ್ದ.

ಸೆರಗು ಹಿಡಿದ ಯಶೋಧರಾಳ ಕೈ ಸೋತಿತ್ತು. ಆದರೂ ಅವಳು ಇಳಿಸಲಿಲ್ಲ.

"ಬೆರಳ ಒಂಚೂರು ಸರಸ್ರಿ ಗೌಡ್ರ," ಅಂದಳು. "ಅದರ ಕೆಳಗ ನಮ್ಮ ಮುತ್ಯಾ ಅದಾನ."